‘ನೋ ಡಿಸ್ಕ್’ ಎಂದ ಮಾತ್ರಕ್ಕೆ ಪ್ಲೇಯರ್ ಸತ್ತಿಲ್ಲ

‘ಲೆನ್ಸ್ ಹೋಗಿದೆ ಬಿಡಿ, ಇದಕ್ಕೆಲ್ಲ ಈಗ ಪಾರ್ಟ್ ಸಿಗೋದಿಲ್ಲ.’ ಹಳೆಯ ಡಿವಿಡಿ ಪ್ಲೇಯರ್‌ ಬಗ್ಗೆ ಪುಣೆಯ ಖರಾಡಿಯಲ್ಲೂ ಬೆಂಗಳೂರಿನಲ್ಲೂ ಹುಬ್ಬಳ್ಳಿಯಲ್ಲೂ ಕೇಳಿಬರುವ ತೀರ್ಪು ಇದು. ಡಿಸ್ಕ್ ಹಾಕಿದಾಗ ಪರದೆಯ ಮೇಲೆ ‘ನೋ ಡಿಸ್ಕ್’ ಎಂದು ಬಂದರೆ ಸಾಕು, ಮನೆಯವರೆಲ್ಲ ಒಮ್ಮತಕ್ಕೆ ಬರುತ್ತಾರೆ, ಪ್ಲೇಯರ್ ಮರುದಿನವೇ ಗುಜರಿಯವನ ಚೀಲ ಸೇರುತ್ತದೆ. ಆ ಒಂದು ಸಾಲಿನಲ್ಲಿ ಎರಡು ತಪ್ಪುಗಳಿವೆ. ಲೆನ್ಸ್ ಹೋಗಿದೆ ಎಂದು ಯಾರೂ ಪರೀಕ್ಷಿಸಿರುವುದಿಲ್ಲ. ಪಾರ್ಟ್ ಸಿಗುವುದಿಲ್ಲ ಎಂದು ಯಾರೂ ವಿಚಾರಿಸಿರುವುದಿಲ್ಲ.

ಖರಾಡಿಯಲ್ಲಿ ಈ ಅವಸರಕ್ಕೆ ತೆರಬೇಕಾದ ಬೆಲೆ ದೊಡ್ಡದು. ಇಯಾನ್ ಐಟಿ ಪಾರ್ಕ್, ವರ್ಲ್ಡ್ ಟ್ರೇಡ್ ಸೆಂಟರ್‌ಗಳ ಸುತ್ತ ಬೆಳೆದ ಈ ಬಡಾವಣೆಗೆ ಕೆಲಸ ಹುಡುಕಿಕೊಂಡು ಬಂದವರಲ್ಲಿ ಬೆಳಗಾವಿ, ವಿಜಯಪುರ, ಕಲಬುರಗಿ, ಧಾರವಾಡದ ಕಡೆಯವರೂ ಇದ್ದಾರೆ. ಇಂಥ ಮನೆಗಳ ಮದುವೆ, ಉಪನಯನ, ಗೃಹಪ್ರವೇಶ, ಅಜ್ಜ ಅಜ್ಜಿಯ ಷಷ್ಟ್ಯಬ್ದಿಗಳೆಲ್ಲ ಸ್ಟುಡಿಯೊದವರು ಸುಟ್ಟುಕೊಟ್ಟ ಡಿಸ್ಕ್‌ಗಳಲ್ಲಿವೆ. ಫೋನಿನಲ್ಲೇ ವಿಡಿಯೊ ತೆಗೆಯುವ ಕಾಲಕ್ಕೆ ಮುಂಚಿನ ಆ ಹತ್ತು ಹನ್ನೆರಡು ವರ್ಷಗಳಿಗೆ ಬೇರೆ ದಾಖಲೆಯೇ ಇಲ್ಲ. ಜೊತೆಗೆ ಸಿನಿಮಾಗಳ ಕಟ್ಟೂ ಇರುತ್ತದೆ. ಮೋಸರ್ ಬೇರ್ ಕಂಪನಿ 2007ರ ಸುಮಾರಿಗೆ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರುಮಾಡಿದ ಮೇಲೆ ಮಧ್ಯಮ ವರ್ಗದ ಮನೆಗಳಲ್ಲಿ ಡಿಸ್ಕ್ ಕೊಳ್ಳುವುದೇ ಒಂದು ಹವ್ಯಾಸವಾಗಿತ್ತು. ಆ ಕಂಪನಿ 2018ರಲ್ಲಿ ದಿವಾಳಿಯಾಯಿತು. ಅದು ಮಾರಿದ ಡಿಸ್ಕ್‌ಗಳು ಇನ್ನೂ ಕಪಾಟಿನಲ್ಲಿವೆ.

‘ನೋ ಡಿಸ್ಕ್’ ಎಂದು ಪ್ಲೇಯರ್ ಹೇಳುವುದು ಯಾವಾಗ? ಟ್ರೇ ಒಳಗೆ ಹೋದ ಕೂಡಲೇ ಲೇಸರ್ ಹೊತ್ತಿಕೊಳ್ಳುತ್ತದೆ. ಲೆನ್ಸ್ ಮೇಲೆ ಕೆಳಗೆ ಆಡುತ್ತ ಡಿಸ್ಕ್‌ನ ಮೇಲ್ಮೈಯನ್ನು ಫೋಕಸ್‌ಗೆ ತರಲು ಯತ್ನಿಸುತ್ತದೆ. ಹೋದ ಬೆಳಕು ಸಾಕಷ್ಟು ಪ್ರಮಾಣದಲ್ಲಿ ಮರಳಿ ಬಂದರೆ ಡಿಸ್ಕ್ ಇದೆ ಎಂದು ತೀರ್ಮಾನ. ಬಾರದಿದ್ದರೆ ಕೆಲವು ಸಲ ಪ್ರಯತ್ನಿಸಿ ‘ನೋ ಡಿಸ್ಕ್’ ಎನ್ನುತ್ತದೆ. ಆ ಸಂದೇಶದಲ್ಲಿ ಇರುವುದು ಇಷ್ಟೇ: ಬೆಳಕು ಮರಳಲಿಲ್ಲ. ಏಕೆ ಮರಳಲಿಲ್ಲ ಎಂಬುದು ಪ್ಲೇಯರ್‌ಗೆ ತಿಳಿಯದು. ಲೆನ್ಸ್ ಮೇಲೆ ಧೂಳಿರಬಹುದು, ಡಿಸ್ಕ್ ಹಾಳಾಗಿರಬಹುದು, ಲೇಸರ್ ಮತ್ತು ಲೆನ್ಸ್ ಕೂರಿಸಿದ ಪಿಕಪ್ ಎಂಬ ಭಾಗ ಚಲಿಸುವ ಹಳಿಯಲ್ಲಿನ ಗ್ರೀಸ್ ಒಣಗಿ ಅದು ಮಧ್ಯದಲ್ಲೇ ಸಿಕ್ಕಿಕೊಂಡಿರಬಹುದು, ರಿಬ್ಬನ್ ಕೇಬಲ್ ಸಡಿಲವಾಗಿರಬಹುದು, ಲೇಸರ್ ನಿಜಕ್ಕೂ ಕ್ಷೀಣಿಸಿರಬಹುದು. ಐದು ಕಾರಣಗಳಲ್ಲಿ ಒಂದನ್ನು, ಅದೂ ಎಲ್ಲಕ್ಕಿಂತ ದುಬಾರಿಯದನ್ನು, ಪರೀಕ್ಷೆಯಿಲ್ಲದೆ ಒಪ್ಪಿಕೊಳ್ಳುವುದಕ್ಕೆ ಯಾವ ಸಮರ್ಥನೆಯೂ ಇಲ್ಲ.

ಪರೀಕ್ಷೆಗೆ ಬೇಕಾದುದು ಮೂರು ಡಿಸ್ಕ್‌ಗಳು: ಒಂದು ವಿಸಿಡಿ ಅಥವಾ ಆಡಿಯೊ ಸಿಡಿ, ಅಂಗಡಿಯಲ್ಲಿ ಕೊಂಡ ಒಂದು ಸಿನಿಮಾ ಡಿವಿಡಿ, ಸ್ಟುಡಿಯೊದವರು ಕೊಟ್ಟ ಒಂದು ಮದುವೆ ಡಿವಿಡಿ. ಈ ಮೂರನ್ನೇ ಆರಿಸುವುದಕ್ಕೆ ಕಾರಣವಿದೆ. ಸಿಡಿ, ವಿಸಿಡಿಗಳನ್ನು ಓದಲು 780 ನ್ಯಾನೊಮೀಟರ್ ತರಂಗಾಂತರದ ಬೆಳಕು ಬೇಕು, ಡಿವಿಡಿಗೆ 650 ನ್ಯಾನೊಮೀಟರ್‌ನ ಕೆಂಪು ಬೆಳಕು. ಸಾಮಾನ್ಯ ಪ್ಲೇಯರ್‌ಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಲೇಸರ್ ಮೂಲಗಳಿರುತ್ತವೆ, ಲೆನ್ಸ್ ಮಾತ್ರ ಒಂದೇ. ಹೀಗಾಗಿ ವಿಸಿಡಿ ಓಡಿ ಡಿವಿಡಿಗಳು ಮಾತ್ರ ನಿಂತರೆ ಕೆಂಪು ಲೇಸರ್ ಮೇಲೆ ಅನುಮಾನ ಪಡಬಹುದು. ಯಾವುದೂ ಓಡದಿದ್ದರೆ ಎರಡು ಲೇಸರ್‌ಗಳು ಒಟ್ಟಿಗೇ ಸತ್ತಿರುವ ಸಾಧ್ಯತೆ ಕಡಿಮೆ. ಎರಡಕ್ಕೂ ಸಮಾನವಾದ ಲೆನ್ಸ್‌ನ ಕೊಳೆಯನ್ನೋ ಹಳಿಯನ್ನೋ ಕೇಬಲ್ಲನ್ನೋ ಮೊದಲು ನೋಡಬೇಕು. ವಿಸಿಡಿಯೂ ಸಿನಿಮಾ ಡಿವಿಡಿಯೂ ಓಡಿ ಮದುವೆ ಡಿವಿಡಿ ಮಾತ್ರ ಓಡದಿದ್ದರೆ ದೋಷ ಬಹುಮಟ್ಟಿಗೆ ಆ ಡಿಸ್ಕ್‌ನದೇ, ಪ್ಲೇಯರನ್ನು ದೂರುವಂತಿಲ್ಲ.

ಎಷ್ಟೋ ಮನೆಗಳಲ್ಲಿ ನಡೆದಿರುವುದು ಈ ಕೊನೆಯದೇ. ಸಿನಿಮಾ ಡಿವಿಡಿಯಲ್ಲಿ ಮಾಹಿತಿ ಅಚ್ಚಿನಿಂದ ಒತ್ತಿದ ಗುಳಿಗಳಾಗಿರುತ್ತದೆ. ಸ್ಟುಡಿಯೊದಲ್ಲಿ ಬರೆದ ಡಿವಿಡಿ-ಆರ್‌ನಲ್ಲಿ ಅದು ಸಾವಯವ ಬಣ್ಣದ ತೆಳು ಪದರದ ಮೇಲಿನ ಸುಟ್ಟ ಗುರುತು. ಬಿಸಿಲು, ಶಾಖ, ತೇವ ಆ ಬಣ್ಣವನ್ನು ನಿಧಾನವಾಗಿ ಕೆಡಿಸುತ್ತವೆ. ಇದರ ಮೇಲೆ ಸ್ಟುಡಿಯೊದವರು ವಧೂವರರ ಫೋಟೊ ಮುದ್ರಿಸಿದ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಕಥೆ ಇನ್ನೂ ಕೆಡುತ್ತದೆ. ಮಳೆಗಾಲದಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ, ಡಿಸ್ಕ್ ತುಸುವೇ ಬಾಗುತ್ತದೆ. ಡಿವಿಡಿಯ ಸಾಲುಗಳ ನಡುವಿನ ಅಂತರ 0.74 ಮೈಕ್ರಾನ್, ಸಿಡಿಯದು 1.6. ಹೀಗಾಗಿ ಸಿಡಿ ಸಹಿಸಿಕೊಳ್ಳುವ ಬಾಗನ್ನು ಡಿವಿಡಿ ಸಹಿಸುವುದಿಲ್ಲ. ಅಂಚು ಎದ್ದ ಸ್ಟಿಕ್ಕರನ್ನು ಕಿತ್ತೆಸೆಯುವ ಆಸೆಯನ್ನೂ ತಡೆದುಕೊಳ್ಳಬೇಕು, ಕೀಳುವಾಗಿನ ಎಳೆತಕ್ಕೆ ಡಿಸ್ಕ್‌ನ ಪದರಗಳೇ ಬಿಟ್ಟುಕೊಳ್ಳಬಹುದು.

ಲೇಸರ್ ದುರ್ಬಲವಾಗುತ್ತಿದ್ದರೂ ಅದು ಮೊದಲೇ ಸೂಚನೆ ಕೊಡುತ್ತದೆ. ಒಂದೇ ಪದರದ ಅಚ್ಚಿನ ಡಿವಿಡಿ ಮತ್ತು ಡಿವಿಡಿ-ಆರ್ ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇ 45ರಿಂದ 85ರಷ್ಟನ್ನು ಮರಳಿಸುವಂತೆ ಮಾನದಂಡವಿದೆ. ಎರಡು ಪದರದ 8.5 ಜಿಬಿ ಡಿವಿಡಿ ಮತ್ತು ಅಳಿಸಿ ಬರೆಯಬಲ್ಲ ಡಿವಿಡಿ-ಆರ್‌ಡಬ್ಲ್ಯೂ ಮರಳಿಸುವುದು ಶೇ 18ರಿಂದ 30 ಮಾತ್ರ. ಹಾಗಾಗಿ ಕ್ಷೀಣ ಲೇಸರ್ ಮೊದಲು ಸೋಲುವುದು ಇವುಗಳ ಮುಂದೆ. ಇವು ತಡವರಿಸುತ್ತ ಉಳಿದವು ಸರಾಗವಾಗಿ ಓಡುತ್ತಿದ್ದರೆ ಪ್ಲೇಯರ್‌ಗೆ ಇನ್ನೂ ಆಯುಸ್ಸಿದೆ, ಅಮೂಲ್ಯ ಡಿಸ್ಕ್‌ಗಳ ಕೆಲಸ ಮುಗಿಸಿಕೊಳ್ಳಲು ಇದೇ ಸಮಯ. ಎರಡು ಪದರದ ಸಿನಿಮಾ ನಡುವೆ ಅರೆಕ್ಷಣ ನಿಂತು ಮುಂದುವರಿದರೆ ಅದು ದೋಷವಲ್ಲ, ಲೇಸರ್ ಒಂದು ಪದರದಿಂದ ಇನ್ನೊಂದಕ್ಕೆ ಹೊರಳುವ ಗಳಿಗೆ ಅದು.

ಇನ್ನು ಕೊಳೆ. ಕಟ್ಟಡ ಕಾಮಗಾರಿಯ ಸಿಮೆಂಟ್ ಧೂಳು, ಅಡುಗೆಮನೆಯ ಒಗ್ಗರಣೆಯ ಜಿಡ್ಡು ಸೇರಿ ಲೆನ್ಸ್ ಮೇಲೆ ತೆಳು ಪೊರೆ ಕಟ್ಟುತ್ತವೆ. ಪ್ಲಗ್ ಕಿತ್ತು, ಸ್ವಲ್ಪ ಹೊತ್ತು ಬಿಟ್ಟು ಮೇಲ್ಮುಚ್ಚಳ ತೆಗೆಯಬೇಕು. ಪವರ್ ಬೋರ್ಡಿನ ದೊಡ್ಡ ಕೆಪಾಸಿಟರ್‌ನಲ್ಲಿ 325 ವೋಲ್ಟ್‌ವರೆಗೂ ಉಳಿದಿರಬಹುದು, ಆ ಕಡೆ ಕೈ ಹಾಕಬಾರದು. ಹತ್ತಿಕಡ್ಡಿಗೆ ಒಂದು ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಲೆನ್ಸನ್ನು ಹಗುರವಾಗಿ ಒರೆಸಿ ಆರಲು ಬಿಟ್ಟರೆ ಮುಗಿಯಿತು. ಲೆನ್ಸ್ ತೂಗುತ್ತಿರುವುದು ಬಹಳ ಸಣ್ಣ ತಂತಿಗಳ ಮೇಲೆ, ಒತ್ತಿದರೆ ಅವು ಬಾಗುತ್ತವೆ. ಕೈಗೆ ಹಚ್ಚುವ ಸ್ಯಾನಿಟೈಸರ್ ಬೇಡ, ಅದರಲ್ಲಿ ಸಾಮಾನ್ಯವಾಗಿರುವ ಗ್ಲಿಸರಿನ್ ಲೆನ್ಸ್ ಮೇಲೆ ಹೊಸ ಪೊರೆಯಾಗುತ್ತದೆ. ಸೀಮೆಎಣ್ಣೆ, ಅತ್ತರು ಯಾವುದೂ ಬೇಡ. ಮುಚ್ಚಳ ತೆರೆದು ಪ್ಲೇಯರ್ ಓಡಿಸಿ ಲೇಸರ್ ಹೊತ್ತಿದೆಯೇ ಎಂದು ಇಣುಕುವುದಂತೂ ಕಣ್ಣಿಗೆ ಅಪಾಯ.

ಸಿಟ್ಟು ಬರಿಸುವುದು ಕೆಲವು ರಿಪೇರಿಯವರ ಕೈಚಳಕ. ಪಿಕಪ್ ಮೇಲೆ ಸ್ಕ್ರೂಡ್ರೈವರ್ ತುದಿ ಹಿಡಿಯುವಷ್ಟೇ ಸಣ್ಣ ಒಂದು ಪ್ರಿಸೆಟ್ (ಹೊಂದಾಣಿಕೆಯ ತಿರುಪು) ಇರುತ್ತದೆ, ಅದರ ಮೂಲಕ ಲೇಸರ್‌ಗೆ ಹೋಗುವ ವಿದ್ಯುತ್ತನ್ನು ಕಾರ್ಖಾನೆಯಲ್ಲೇ ಹೊಂದಿಸಿರುತ್ತಾರೆ. ಅದನ್ನು ತಿರುಗಿಸಿದರೆ ಲೇಸರ್ ಹೆಚ್ಚು ಬೆಳಗುತ್ತದೆ, ಅಂಗಡಿಯಲ್ಲೇ ಡಿಸ್ಕ್ ಓಡುತ್ತದೆ, ಗಿರಾಕಿ ಖುಷಿಯಾಗಿ ಹಣ ಕೊಡುತ್ತಾನೆ. ಕೆಲವು ವಾರಗಳಲ್ಲಿ ಅದೇ ಹೆಚ್ಚುವರಿ ವಿದ್ಯುತ್ತು ಲೇಸರನ್ನು ಸುಟ್ಟುಹಾಕುತ್ತದೆ. ಬರೀ ಒರೆಸಿದ್ದರೆ ಸಾಕಾಗುತ್ತಿದ್ದ ಎಷ್ಟೋ ಪ್ಲೇಯರ್‌ಗಳನ್ನು ಹೀಗೆ ಕೊಂದಿದ್ದಾರೆ.

ನಿಜವಾಗಿಯೂ ಲೇಸರ್ ಹೋಗಿದ್ದರೂ ದಾರಿ ಮುಚ್ಚಿಲ್ಲ. ಪ್ಲೇಯರ್‌ನ ಮೇಲೆ ಯಾವ ಬ್ರಾಂಡ್ ಹೆಸರಿದ್ದರೂ ಒಳಗಿನ ಪಿಕಪ್ ಮಾತ್ರ ಕೆಲವೇ ತಯಾರಕರದು. ಹಿಟಾಚಿಯ ಎಚ್‌ಒಪಿ-1200, ಸ್ಯಾನ್ಯೊದ ಎಸ್‌ಎಫ್-ಎಚ್‌ಡಿ65, ಸೋನಿಯ ಕೆಎಚ್‌ಎಂ-313 ಹಲವಾರು ಬ್ರಾಂಡ್‌ಗಳಲ್ಲಿ ಬಳಕೆಯಾದವು. ನೋಡಬೇಕಾದುದು ಪಿಕಪ್ ಮೇಲೆ ಬರೆದಿರುವ ಈ ಸಂಖ್ಯೆಯನ್ನು. ಅದರ ಫೋಟೊ ತೆಗೆದುಕೊಂಡು ರಾಮವಾಡಿಯಲ್ಲಿ ಮೆಟ್ರೊ ಹತ್ತಿ, ಜಿಲ್ಲಾ ನ್ಯಾಯಾಲಯ ನಿಲ್ದಾಣದಲ್ಲಿ ಮಾರ್ಗ ಬದಲಿಸಿ ಮಂಡಯಿಯಲ್ಲಿ ಇಳಿದರೆ ಬುಧವಾರ ಪೇಠೆಯ ತಪಕೀರ್ ಗಲ್ಲಿ ಹತ್ತಿರವೇ ಇದೆ. ಎಲೆಕ್ಟ್ರಾನಿಕ್ಸ್ ಬಿಡಿಭಾಗಗಳಿಗೆ ಬೆಂಗಳೂರಿಗೆ ಎಸ್‌.ಪಿ. ರಸ್ತೆ ಹೇಗೋ ಪುಣೆಗೆ ಈ ಗಲ್ಲಿ ಹಾಗೆ. ಅಲ್ಲಿ ಬ್ರಾಂಡ್ ಹೆಸರು ಹೇಳಿ ಕೇಳಿದರೆ ಅಂಗಡಿಯವನು ತಲೆಯಾಡಿಸುತ್ತಾನೆ, ಸಂಖ್ಯೆ ತೋರಿಸಿದರೆ ಹುಡುಕುತ್ತಾನೆ. ಹೊಸ ಪಿಕಪ್‌ನ ಮೇಲೆ ಸ್ಥಾಯಿ ವಿದ್ಯುತ್ತಿನಿಂದ ರಕ್ಷಿಸಲು ಒಂದು ಚುಕ್ಕೆ ಬೆಸುಗೆ ಹಾಕಿರುತ್ತಾರೆ. ಕೇಬಲ್ ಜೋಡಿಸಿದ ಮೇಲೆ ಅದನ್ನು ತೆಗೆಯಬೇಕು. ಇದನ್ನು ಮರೆತು, ‘ಹೊಸ ಪಾರ್ಟೂ ಡೂಪ್ಲಿಕೇಟ್’ ಎಂದು ಬೈಯುವವರೂ ಇದ್ದಾರೆ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಕಿಲ್ಲ.

ಟೂತ್‌ಪೇಸ್ಟ್ ಉಜ್ಜಿದರೆ ಡಿಸ್ಕ್ ಹೊಸದಾಗುವುದಿಲ್ಲ, ಅದರಲ್ಲಿನ ಸವೆಸುವ ಪುಡಿ ಒಂದು ಗೀರನ್ನು ಮಸುಕಾಗಿಸಿ ಹತ್ತು ಹೊಸ ಗೀರು ಎಬ್ಬಿಸುತ್ತದೆ. ಡಿಸ್ಕ್ ಒರೆಸಬೇಕಾದುದು ಮಧ್ಯದಿಂದ ಅಂಚಿನ ಕಡೆಗೆ ನೇರವಾಗಿ, ಸುತ್ತಲೂ ತಿರುವಿ ಒರೆಸಿದಾಗ ಬೀಳುವ ಗೀರು ಸಾಲಿನ ಉದ್ದಕ್ಕೂ ಸಾಗಿ ದೋಷ ತಿದ್ದುವ ವ್ಯವಸ್ಥೆಯನ್ನು ಸೋಲಿಸುತ್ತದೆ.

ದುಬಾರಿ ಎಚ್‌ಡಿಎಂಐ ಕೇಬಲ್ ಹಾಕಿದರೆ ಡಿವಿಡಿ ಎಚ್‌ಡಿ ಆಗುವುದಿಲ್ಲ. ನಮ್ಮ ಪಾಲ್ (PAL) ಮಾದರಿಯ ಡಿಸ್ಕ್‌ನಲ್ಲಿರುವುದು 720×576 ಬಿಂದುಗಳು, ಉಳಿದದ್ದನ್ನು ಟಿವಿಯೋ ಪ್ಲೇಯರೋ ಊಹಿಸಿ ತುಂಬುತ್ತದೆ.

ಹೊಸ ಟಿವಿಗೆ ಹಳೆಯ ಪ್ಲೇಯರ್ ಜೋಡಿಸಲಾಗದು ಎನ್ನುವುದೂ ಸುಳ್ಳು. ಅನೇಕ ಟಿವಿಗಳ ಹಿಂದೆ ಎವಿ ಎಂದು ಬರೆದ 3.5 ಮಿ.ಮೀ. ರಂಧ್ರವಿದೆ, ಅದಕ್ಕೆ ಹೊಂದುವ ಕೇಬಲ್ ಕೆಲವು ಸಲ ಟಿವಿಯ ಡಬ್ಬಿಯಲ್ಲೇ ಬಂದಿರುತ್ತದೆ. ಇಲ್ಲದಿದ್ದರೆ ಎವಿಯಿಂದ ಎಚ್‌ಡಿಎಂಐಗೆ ಬದಲಿಸುವ ಪುಟ್ಟ ಕನ್ವರ್ಟರ್ ಸಿಗುತ್ತದೆ.

ಚಿತ್ರ ಕಪ್ಪುಬಿಳುಪಾದರೆ ಪ್ಲೇಯರ್ ಕೆಟ್ಟಿದೆ ಎಂದರ್ಥವಲ್ಲ, ಹಳದಿ ವಯರನ್ನು ಹಸಿರು ರಂಧ್ರಕ್ಕೆ ಹಾಕಿ ಟಿವಿಯನ್ನು ಕಾಂಪೊನೆಂಟ್‌ನಲ್ಲಿ ಬಿಟ್ಟಿರಬಹುದು. ಡಿಜಿಟಲ್ ಕೇಬಲ್‌ನಲ್ಲಿ ಧ್ವನಿಯೇ ಬರದಿದ್ದರೆ ಸೆಟ್ಟಿಂಗ್‌ನಲ್ಲಿ ‘ರಾ’ ಬದಲು ‘ಪಿಸಿಎಂ’ ಆರಿಸಬೇಕು, ಹಾಡು ಕಿವಿಗಪ್ಪಳಿಸಿ ಮಾತು ಕೇಳದಿದ್ದರೆ 5.1 ಬದಲು ಸ್ಟೀರಿಯೊ. ಅಮೆರಿಕದ ನೆಂಟರು ಕಳಿಸಿದ ಡಿವಿಡಿ ಓಡದಿದ್ದರೆ ಕಾರಣ ಪ್ರದೇಶ ಸಂಕೇತವಿರಬಹುದು: ಅದು ರೀಜನ್ 1, ಭಾರತದ್ದು ರೀಜನ್ 5. ಪೆನ್‌ಡ್ರೈವ್ ಓದದಿದ್ದರೆ ಅದನ್ನು ಎಫ್‌ಎಟಿ32ಗೆ ಫಾರ್ಮ್ಯಾಟ್ ಮಾಡಿ ನೋಡಬೇಕು. ಆನ್ ಆಗದೆ ಕೆಂಪು ದೀಪ ಮಾತ್ರ ಮಿಣುಕುತ್ತಿದ್ದರೆ ಪವರ್ ಬೋರ್ಡಿನಲ್ಲಿ ತಲೆ ಉಬ್ಬಿದ ಕೆಪಾಸಿಟರ್ ಇದೆಯೇ ಎಂದು ತಿಳಿದವರಿಂದ ನೋಡಿಸಬೇಕು.

ಇವುಗಳಲ್ಲಿ ಯಾವುದೂ ಗುಟ್ಟಿನ ವಿದ್ಯೆಯಲ್ಲ. ಜೋಡಣೆ, ಸೆಟ್ಟಿಂಗ್‌ಗಳ ವಿಷಯವಂತೂ ಪ್ಲೇಯರ್ ಜೊತೆ ಬಂದ ಪುಸ್ತಕದಲ್ಲೇ ಇದೆ. ಬೇಸರದ ಸಂಗತಿಯೆಂದರೆ ಖರಾಡಿಯ ಎಷ್ಟೋ ಜನರ ದಿನದ ಕೆಲಸವೇ ದೋಷದ ಮೂಲ ಹುಡುಕುವುದು. ಸರ್ವರ್ ನಿಂತರೆ ಅವರು ಲಾಗ್ ತೆಗೆದು, ಒಂದೊಂದೇ ಸಾಧ್ಯತೆಯನ್ನು ಪರೀಕ್ಷಿಸಿ ತೆಗೆದುಹಾಕುತ್ತ, ಕಾರಣ ಖಚಿತವಾಗದೆ ಯಾವುದನ್ನೂ ಬದಲಿಸುವುದಿಲ್ಲ. ಮನೆಗೆ ಬಂದ ಮೇಲೆ ಅದೇ ಜನ ವಾಟ್ಸ್‌ಆ್ಯಪ್‌ನಲ್ಲಿ ಬಂದ ಮೂವತ್ತು ಸೆಕೆಂಡಿನ ವಿಡಿಯೊ ನಂಬಿ ಮದುವೆ ಡಿಸ್ಕ್‌ಗೆ ಟೂತ್‌ಪೇಸ್ಟ್ ಉಜ್ಜುತ್ತಾರೆ. ಆ ವಿಡಿಯೊ ಮಾಡಿದವನು ಉಜ್ಜುವುದಕ್ಕೆ ಮುಂಚೆ ಡಿಸ್ಕ್ ಓಡುತ್ತಿರಲಿಲ್ಲ ಎಂದು ತೋರಿಸಿದ್ದನೇ ಎಂಬ ಪ್ರಶ್ನೆ ಏಳುವುದಿಲ್ಲ. ‘ಹಳೆಯದು ರಿಪೇರಿಯಾಗದು’ ಎಂಬ ಮಾತಿಗೂ ಇದೇ ಗತಿ. ಹೊಸದನ್ನು ಮಾರುವವನ ಬಾಯಿಂದ ಬಂದ ಮಾತನ್ನು ತಜ್ಞರ ವರದಿಯಂತೆ ಒಪ್ಪಿಕೊಳ್ಳುತ್ತಾರೆ. ಗೊತ್ತಿಲ್ಲದಿರುವುದು ತಪ್ಪಲ್ಲ. ಮೂರು ಡಿಸ್ಕ್ ಹಾಕಿ ನೋಡುವಷ್ಟೂ ತಾಳ್ಮೆ ತೋರದಿರುವುದು ತಪ್ಪು, ಅದರಲ್ಲೂ ಆ ಡಿಸ್ಕ್‌ನಲ್ಲಿ ಈಗ ಇಲ್ಲದ ಅಜ್ಜಿಯ ಧ್ವನಿ ಇರುವಾಗ.

ಪ್ಲೇಯರ್ ಓದುತ್ತಿರುವಾಗಲೇ ಮಾಡಬೇಕಾದ ಕೆಲಸವೊಂದಿದೆ. ಮದುವೆ ಡಿವಿಡಿಗಳಲ್ಲಿ ಸಿನಿಮಾ ಡಿಸ್ಕ್‌ಗಳಂತೆ ನಕಲು ತಡೆಯುವ ಬೀಗವಿರುವುದಿಲ್ಲ. ಯುಎಸ್‌ಬಿ ಡಿವಿಡಿ ಡ್ರೈವ್ ಒಂದನ್ನು ಲ್ಯಾಪ್‌ಟಾಪ್‌ಗೆ ಜೋಡಿಸಿ ಇಡೀ ಡಿಸ್ಕನ್ನು ಐಎಸ್‌ಒ ಫೈಲಾಗಿ ಉಳಿಸಿಕೊಳ್ಳಬಹುದು. ಒಂದು ಪದರದ ಡಿಸ್ಕ್‌ಗೆ 4.7 ಜಿಬಿಗಿಂತ ಹೆಚ್ಚು ಜಾಗ ಬೇಡ. ಲ್ಯಾಪ್‌ಟಾಪ್ ಡ್ರೈವ್ ಓದಲಾರದ ಡಿಸ್ಕನ್ನು ಹಳೆಯ ಪ್ಲೇಯರ್ ಓದುವುದುಂಟು, ಒಂದೊಂದು ಪಿಕಪ್‌ನ ಸಹನೆ ಒಂದೊಂದು ಬಗೆ. ಆಗ ಪ್ಲೇಯರ್‌ನ ಎವಿ ತಂತಿಯನ್ನು ಯುಎಸ್‌ಬಿ ಕ್ಯಾಪ್ಚರ್ ಸಾಧನಕ್ಕೆ ಕೊಟ್ಟು, ಓಡಿಸುತ್ತಲೇ ರೆಕಾರ್ಡ್ ಮಾಡಿಕೊಳ್ಳಬಹುದು. ಡಿಸ್ಕ್‌ಗಳೆಲ್ಲ ಹೀಗೆ ನಕಲಾಗಿ, ಎರಡು ಬೇರೆ ಜಾಗಗಳಲ್ಲಿ ಉಳಿದು, ಫೈಲಿಗೆ ಸಮಾರಂಭದ ಹೆಸರೂ ವರ್ಷವೂ ಸೇರಿದ ಮೇಲೆ ಪ್ಲೇಯರ್ ನಿಜವಾಗಿಯೂ ಕೆಟ್ಟರೆ ಅದನ್ನು ಗುಜರಿಗೆ ಹಾಕದೆ 2022ರ ಇ-ತ್ಯಾಜ್ಯ ನಿಯಮಗಳಡಿ ನೋಂದಾಯಿತ ಮರುಬಳಕೆದಾರರಿಗೆ ಕೊಡಬಹುದು. ಅಲ್ಲಿಯವರೆಗೆ ಅದು ಟಿವಿಯ ಕೆಳಗೇ ಇರಲಿ.