ವೈಗೈ ದಂಡೆಯಿಂದ ಟೈಲರ್ ಬೀದಿಗೆ

ನೊಂದವರಿಗೆ ನೆರವು ಕಳಿಸಿದರೆ ಸಾಲದು, ಅವರ ಪಕ್ಕದಲ್ಲೇ ಮನೆ ಮಾಡಬೇಕು. ಕ್ರಿಸ್ತನ ಶಿಷ್ಯತ್ವವನ್ನು ಹೀಗೆ ಅರ್ಥಮಾಡಿಕೊಂಡವರು ಬೆನ್ನಿಗಿದ್ದುದರಿಂದ ಬಾಸ್ಟನ್ ನಗರದಲ್ಲಿ 1892ರಲ್ಲಿ ‘ಡೆನಿಸನ್ ಹೌಸ್’ ಎದ್ದಿತು. ಅವರಲ್ಲಿ ಮುಖ್ಯರಾದ ವಿಡಾ ಡಟನ್ ಸ್ಕಡರ್ ಅವರ ಕಥೆ ಮೊದಲಾಗುವುದು ತಮಿಳುನಾಡಿನ ತೇನಿ ಸೀಮೆಯಲ್ಲಿ.

ಬೋಡಿಮೆಟ್ಟಿನಿಂದ ಘಾಟಿ ಇಳಿದರೆ ಬೋಡಿನಾಯಕನೂರು, ಮುಂದೆ ತೇನಿ, ಅದರಾಚೆ ಪೆರಿಯಕುಳಂ. ದಕ್ಷಿಣಕ್ಕೆ ಕಂಬಂ ಕಣಿವೆ. ಕನ್ನಡ ಮನೆಮಾತಿನ ಕಾಪ್ಪಿಲಿಯರು ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದ ನೆಲ. ಇಲ್ಲಿನ ಹಳ್ಳಕೊಳ್ಳಗಳೆಲ್ಲ ಕೊನೆಗೆ ವೈಗೈ ನದಿ ಸೇರುತ್ತವೆ. ಪೆರಿಯಾರ್ ನದಿಯ ನೀರು 1895ರಲ್ಲಿ ಈ ಕಡೆ ತಿರುಗುವ ಮುನ್ನ ವೈಗೈ ಬೇಸಿಗೆಯಲ್ಲಿ ಬರೀ ಮರಳು, ಹಿಂಗಾರು ಹಿಡಿದರೆ ಕೆಂಪು ಪ್ರವಾಹ.

ಅಮೆರಿಕನ್ ಮಧುರಾ ಮಿಷನ್ 1834ರಲ್ಲಿ ಆರಂಭವಾಗಿ, ಮರುವರ್ಷ ದಿಂಡಿಗಲ್‌ಗೆ ಕಾಲಿಟ್ಟಿತ್ತು. ಅದರ ಯುವ ಪಾದ್ರಿ ಡೇವಿಡ್ ಕಾಯ್ಟ್ ಸ್ಕಡರ್ 1861ರಲ್ಲಿ ಹಡಗಿಳಿದು, ಮರುವರ್ಷ ಪೆರಿಯಕುಳಂಗೆ ಬಂದು ನೆಲೆಸಿದರು. ಅದೇ ವರ್ಷದ ನವೆಂಬರಿನಲ್ಲಿ ತುಂಬಿದ ವೈಗೈಯನ್ನು ಈಜಿ ದಾಟಲು ಹೋಗಿ ಮುಳುಗಿದರು. ವಯಸ್ಸು 27. ಮಧುರೆಯಲ್ಲಿ ಹುಟ್ಟಿದ ಮಗಳು ವಿಡಾಗೆ ಇನ್ನೂ ವರ್ಷ ತುಂಬಿರಲಿಲ್ಲ. ತಾಯಿ ಹ್ಯಾರಿಯೆಟ್ ಕೂಸಿನೊಂದಿಗೆ ಬಾಸ್ಟನ್‌ಗೆ ಮರಳಿದರು. ತಂದೆಯ ಮುಖದ ನೆನಪೂ ಉಳಿಯದ ಆ ಮಗುವಿಗೆ ಉಳಿದದ್ದು, ಚಿಕ್ಕಪ್ಪ ಹೊರೇಸ್ 1864ರಲ್ಲಿ ಪುಸ್ತಕವಾಗಿ ಹೊರತಂದ ಪತ್ರಗಳು.

ವಿಡಾ ಬೆಳೆದದ್ದು ಅನುಕೂಲಸ್ಥರ ಮನೆಯಲ್ಲಿ. ಆಕ್ಸ್‌ಫರ್ಡಿನಲ್ಲಿ ಜಾನ್ ರಸ್ಕಿನ್ ಉಪನ್ಯಾಸಗಳನ್ನು ಕೇಳಿದ ಮೇಲೆ ಆ ಅನುಕೂಲವೇ ಅವರನ್ನು ಚುಚ್ಚತೊಡಗಿತು. 1887ರಲ್ಲಿ ವೆಲ್ಲೆಸ್ಲಿ ಕಾಲೇಜಿನಲ್ಲಿ ಸಾಹಿತ್ಯದ ಅಧ್ಯಾಪಕಿಯಾದರು. ಓದಿದ ಹೆಣ್ಣುಮಕ್ಕಳು ಬಡವರ ಕೇರಿಯಲ್ಲೇ ವಾಸಿಸುವ ‘ಸೆಟ್ಲ್‌ಮೆಂಟ್’ ಮನೆಗಳಿಗಾಗಿ ಗೆಳತಿಯರನ್ನು ಒಟ್ಟುಗೂಡಿಸಿದರು. ಟೈಲರ್ ಬೀದಿಯ ವಲಸಿಗರ ನಡುವಿನ ಡೆನಿಸನ್ ಹೌಸ್ ಅಂಥದ್ದೊಂದು. ಅದರ ಮೊದಲ ಮುಖ್ಯಸ್ಥೆ ಎಮಿಲಿ ಬಾಲ್ಚ್ 1946ರಲ್ಲಿ ನೊಬೆಲ್ ಶಾಂತಿ ಪುರಸ್ಕಾರ ಪಡೆದರು. ಅಟ್ಲಾಂಟಿಕ್ ದಾಟಿದ ವಿಮಾನಗಾರ್ತಿ ಅಮೇಲಿಯಾ ಇಯರ್‌ಹಾರ್ಟ್ ಕೂಡ ಅಲ್ಲಿ ಸಮಾಜಸೇವಕಿಯಾಗಿದ್ದರು.

ಪಕ್ಕದ ಮನೆಯವರಾದ ಮೇಲೆ ಅವರ ಜಗಳಕ್ಕೂ ನಿಲ್ಲಬೇಕಾಗುತ್ತದೆ. 1912ರಲ್ಲಿ ಲಾರೆನ್ಸ್ ಪಟ್ಟಣದ ಗಿರಣಿ ಕಾರ್ಮಿಕರ ಮುಷ್ಕರದಲ್ಲಿ ವಿಡಾ ಭಾಷಣ ಮಾಡಿದಾಗ ಅವರನ್ನು ಕಾಲೇಜಿನಿಂದ ತೆಗೆಯಬೇಕೆಂಬ ಕೂಗೆದ್ದಿತು. ಅವರು ಬಗ್ಗಲಿಲ್ಲ, ನಿವೃತ್ತಿಯವರೆಗೂ ಪಾಠ ಹೇಳಿದರು. ದಾನಕ್ಕಿಂತ ನ್ಯಾಯ ದುಬಾರಿ. ವಿಡಾ ಆ ಬೆಲೆ ತೆರಲು ಹಿಂಜರಿಯದಿದ್ದುದೇ ಅವರನ್ನು ಇತರ ಉಪಕಾರಿಗಳಿಂದ ಬೇರೆ ಮಾಡುತ್ತದೆ.

ಈ ಬಲದ ಒರತೆ ‘ಪವಿತ್ರ ಶಿಲುಬೆಯ ಸಂಗಾತಿಗಳು’ ಎಂಬ ಮಹಿಳಾ ಸಂಘದಲ್ಲಿತ್ತು. ಹಾಸಿಗೆ ಹಿಡಿದಿದ್ದ ಅಡೆಲಿನ್ ಹೋವರ್ಡ್‌ಗಾಗಿ, ಆಕೆ ಒಂಟಿಯಾಗದಿರಲೆಂದು, ಗೆಳತಿ ಎಮಿಲಿ ಮಾರ್ಗನ್ 1884ರಲ್ಲಿ ಕಟ್ಟಿದ ಪ್ರಾರ್ಥನಾ ಬಳಗವದು. ರೋಗಿಯನ್ನು ಅಲ್ಲಿ ಸೇವೆ ಪಡೆಯುವವಳೆಂದಷ್ಟೇ ಎಣಿಸಲಿಲ್ಲ. ಇತರರ ನೋವಿಗಾಗಿ ಪ್ರಾರ್ಥಿಸುವ ಕೆಲಸ ಅವಳದೂ ಆಗಿತ್ತು. ವಿಡಾ 1889ರಲ್ಲಿ ಸೇರಿ, ಹೊಸಬರಿಗೆ ದಶಕಗಳ ಕಾಲ ತರಬೇತಿ ಕೊಟ್ಟರು.

ಅವರು 1954ರಲ್ಲಿ ತೀರಿಕೊಂಡರು. ಸಂಗಾತಿಗಳು ಈಗಲೂ ಕೂಡುವುದು ಮ್ಯಾಸಚೂಸೆಟ್ಸ್‌ನ ಬೈಫೀಲ್ಡ್‌ನಲ್ಲಿರುವ ತಮ್ಮ ಮನೆಯಲ್ಲಿ. ಅದರ ಹೆಸರು ‘ಅಡೆಲಿನ್‌ರೂಡ್’: ಅಡೆಲಿನ್‌ಳ ಶಿಲುಬೆ.