ಹಾಲುಹಲ್ಲಿನ ಕೆಳಗೆ ಕೂತಿರುವ ಹಲ್ಲು

ಬಾಯಿ ತೆರೆದು ಕನ್ನಡಿ ನೋಡಿಕೊಳ್ಳಿ. ಕೋರೆಹಲ್ಲಿನ ಹಿಂದೆ ಒಂದರ ಪಕ್ಕ ಒಂದು ಎರಡು ಹಲ್ಲು ಇರುತ್ತವೆ. ಇವೇ ಮುಂದವಡೆ ಹಲ್ಲುಗಳು. ಮೇಲೆ 4, ಕೆಳಗೆ 4, ಒಟ್ಟು 8. ಕೆಲವರಿಗೆ ಇನ್ನೂ ಬರ್ತಾ ಇರಬಹುದು. ಕೋರೆಹಲ್ಲಿಗೆ ಒಂದೇ ಮೊನೆ, ಇದಕ್ಕೆ ಸಾಮಾನ್ಯವಾಗಿ ಎರಡು. ಕಡಲೆಕಾಯಿ ಬೀಜ ಮೊದಲು ಜಜ್ಜೋದು ಇಲ್ಲೇ, ನುಣ್ಣಗೆ ಅರೆಯೋದು ಹಿಂದಿನ ದವಡೆ ಹಲ್ಲು.

ಹೊರಗೆ ಕಾಣುವ ಬಿಳಿ ಪದರ ಎನಾಮೆಲ್. ನಮ್ಮ ಮೈಯಲ್ಲಿ ಅದಕ್ಕಿಂತ ಗಟ್ಟಿ ಯಾವುದೂ ಇಲ್ಲ, ಮೂಳೆಯೂ ಅಲ್ಲ! ಅದರೊಳಗೆ ಡೆಂಟೀನ್, ನಡುವೆ ನರ, ರಕ್ತನಾಳ ಇರುವ ತಿರುಳು.

ನನಗೆ ಆಶ್ಚರ್ಯವಾದದ್ದು ಬೇರೆ. ಹಾಲುಹಲ್ಲು 20 ಇದ್ದರೂ ಅದರಲ್ಲಿ ಒಂದೂ ಮುಂದವಡೆ ಹಲ್ಲಿಲ್ಲ! ಹಾಲಿನ ದವಡೆ ಹಲ್ಲು ಬಿದ್ದ ಜಾಗಕ್ಕೆ ಇದು ಬರುತ್ತದೆ. ನಮಗೆ ಸುಮಾರು ಎರಡು ವರ್ಷ ಆದಾಗಲೇ ದವಡೆಯೊಳಗೆ ಇದರ ಮೊನೆ ಗಟ್ಟಿಯಾಗಲು ಶುರು. ಆರೇಳು ವರ್ಷಕ್ಕೆ ತಲೆಭಾಗ ಪೂರ್ತಿ. ಹಾಲುಹಲ್ಲಿನ ಬೇರುಗಳು ಕೋಳಿ ಮರಿಯನ್ನು ರೆಕ್ಕೆಯಲ್ಲಿ ಮುಚ್ಚಿಕೊಂಡ ಹಾಗೆ ಇದರ ಸುತ್ತ ಇರುತ್ತವೆ. ಇದು ಹೊರಕ್ಕೆ ಬರ್ತಾ ಬರ್ತಾ ಆ ಬೇರು ಕರಗುತ್ತದೆ. ಬಿದ್ದ ಹಲ್ಲಿಗೆ ಬೇರಿಲ್ಲದ್ದನ್ನು ನೋಡಿ "ಮುರಿದು ಒಳಗೇ ಉಳೀತು" ಅಂತ ನಮ್ಮಜ್ಜಿ ಹೆದರಿಸ್ತಾರೆ, ಹಾಗೇನೂ ಇಲ್ಲ. ಸಾಮಾನ್ಯವಾಗಿ 10ರಿಂದ 12 ವರ್ಷದೊಳಗೆ ಹೊಸ ಹಲ್ಲು ಹೊರಗೆ ಬರುತ್ತದೆ. ಬೇರು ಮುಗಿಯೋದು 12-14ಕ್ಕೆ, ಅಂದರೆ ನಮ್ಮಲ್ಲಿ ಹಲವರಿಗೆ ಈಗಲೂ ಬೆಳೀತಾನೇ ಇದೆ.

ನಮ್ಮ ಕೆಂಗೇರಿ ಕಡೆ ಮನೆಗಳಲ್ಲಿ "ಹಾಲುಹಲ್ಲು ತಾನೇ, ಹುಳುಕಾದ್ರೆ ಏನು, ಹೇಗೂ ಬೀಳತ್ತೆ" ಅನ್ನೋದು ಕೇಳಿದ್ದೇನೆ. ಎರಡನೇ ತರಗತಿಯಲ್ಲಿರುವ ನನ್ನ ತಂಗಿಯ ದವಡೆ ಹಲ್ಲು ಹುಳುಕಾದಾಗಲೂ ಹೀಗೇ ಅಂದರು. ಆದರೆ ಅವಳ ಮುಂದವಡೆ ಬರಲು ಇನ್ನೂ ಮೂರ್ನಾಲ್ಕು ವರ್ಷ ಬೇಕು. ಈಗಲೇ ಕೀಳಿಸಿದರೆ, ಆರನೇ ವರ್ಷಕ್ಕೆ ಹಿಂದೆ ಬಂದ ದೊಡ್ಡ ದವಡೆ ಹಲ್ಲು ಮುಂದಕ್ಕೆ ವಾಲಿ ಜಾಗ ಮುಚ್ಚಬಹುದು. ಬಸ್ಸಿನಲ್ಲಿ ಎದ್ದ ಕೂಡಲೇ ಪಕ್ಕದವರು ಸರಿದು ಕೂರ್ತಾರಲ್ಲ, ಹಾಗೆ. ಆಮೇಲೆ ಹೊಸ ಹಲ್ಲು ಸೊಟ್ಟಗೆ ಬರುತ್ತದೆ, ಇಲ್ಲವೇ ಒಳಗೇ ಸಿಕ್ಕಿಕೊಳ್ಳುತ್ತದೆ. ಹುಳುಕು ಹಾಗೇ ಬಿಟ್ಟು ಬೇರಿನಲ್ಲಿ ಕೀವಾದರೆ ಒಳಗಿನ ಹಲ್ಲಿನ ಎನಾಮೆಲ್ ಕೂಡ ಕೆಡಬಹುದು.

ಹಾಗಾಗಿ ಹಲ್ಲಿನ ಡಾಕ್ಟರು ಆದಷ್ಟೂ ಹುಳುಕು ತುಂಬಿ ಉಳಿಸುತ್ತಾರೆ. ಕೀಳಲೇಬೇಕಾದರೆ ಜಾಗ ಕಾಯಲು ತಂತಿಯ ಪಟ್ಟಿ ಹಾಕುತ್ತಾರೆ. ಬೆಂಗಳೂರು ಕೋಟೆ ಹತ್ತಿರ, ವಿಕ್ಟೋರಿಯಾ ಆಸ್ಪತ್ರೆ ಪಕ್ಕ, 1958ರಲ್ಲಿ ಶುರುವಾದ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ. ಅಲ್ಲಿ ಮಕ್ಕಳ ಹಲ್ಲಿಗೇ ಬೇರೆ ವಿಭಾಗ ಉಂಟು. ಕೆಂಗೇರಿಯಿಂದ ಮಾರ್ಕೆಟ್ ಬಸ್ ಹತ್ತಿದರೆ ಆಯಿತು. ತಂಗಿಯನ್ನು ಬರುವ ವಾರ ಕರ್ಕೊಂಡು ಹೋಗ್ತೀನಿ ಅಂತ ಅಪ್ಪ ಒಪ್ಪಿದ್ದಾರೆ.