ವೇಗವರ್ಧಕಕ್ಕೆ ಸ್ಟಿಯರಿಂಗ್ ಯಾವುದು? ತಪ್ಪು ಕಲ್ಪನೆ ಮತ್ತು ವಾಸ್ತವ

ತಾನು ಖರ್ಚಾಗದೆ ರಾಸಾಯನಿಕ ಕ್ರಿಯೆಯ ವೇಗ ಹೆಚ್ಚಿಸುವುದು ವೇಗವರ್ಧಕ ಎಂದು ಹೈಸ್ಕೂಲಿನಲ್ಲೇ ಓದಿರುತ್ತೇವೆ. ಅದನ್ನು ಹತೋಟಿಯಲ್ಲಿಡುವುದರಲ್ಲಿ ಹೈಡ್ರೋಜನ್ ಬಂಧದಂಥ ಸಡಿಲ ಸೆಳೆತಗಳ ಪಾಲು ದೊಡ್ಡದು. ‘ದ್ವಿತೀಯಕ ಸೆಳೆತ’ ಎನಿಸಿಕೊಳ್ಳುವ ಇವುಗಳ ಬಗ್ಗೆ ಹಲವು ತಪ್ಪು ಕಲ್ಪನೆಗಳಿವೆ.

ತಪ್ಪು ಕಲ್ಪನೆ 1: ದುರ್ಬಲ ಬಂಧ ಲೆಕ್ಕಕ್ಕಿಲ್ಲ.
ವಾಸ್ತವ: ನೀರಿನ ಅಣುವಿನೊಳಗಿನ ಒಂದು ಬಂಧ ಮುರಿಯಲು ಮೋಲ್‌ಗೆ ಸುಮಾರು 460 ಕಿಲೋಜೂಲ್ ಬೇಕು, ಎರಡು ನೀರಿನ ಅಣುಗಳ ನಡುವಿನ ಹೈಡ್ರೋಜನ್ ಬಂಧ ಬಿಡಿಸಲು ಸುಮಾರು 20 ಸಾಕು. ಆದರೆ ಕ್ರಿಯೆಗಿರುವ ತಡೆ ಬರೀ 6 ಕಿಲೋಜೂಲ್ ತಗ್ಗಿದರೂ ಕೋಣೆಯ ಉಷ್ಣತೆಯಲ್ಲಿ ವೇಗ ಸುಮಾರು ಹತ್ತು ಪಟ್ಟಾಗುತ್ತದೆ. ಕನ್ನಡಿಯ ಬಿಂಬದಂತಿರುವ ಎಡ ಮತ್ತು ಬಲ ರೂಪದ ಅಣುಗಳು ಹುಟ್ಟುವ ಎರಡು ದಾರಿಗಳ ತಡೆಗಳ ನಡುವೆ 12 ಕಿಲೋಜೂಲ್ ಅಂತರವಿದ್ದರೆ ನೂರಕ್ಕೆ 99 ಅಣುಗಳು ಒಂದೇ ರೂಪದವು. ಮಂಗಳೂರಿನಿಂದ ಮಾಣಿಗೆ ಬಂದ ಬಸ್ಸು ಬೆಂಗಳೂರಿನ ಕಡೆಗೋ ಪುತ್ತೂರು-ಮೈಸೂರಿನ ಕಡೆಗೋ ಎನ್ನುವುದು ಎಂಜಿನ್ನಿನ ಬಲದಿಂದಲ್ಲ, ಸ್ಟಿಯರಿಂಗಿನ ಒಂದು ತಿರುವಿನಿಂದ ತೀರ್ಮಾನವಾಗುತ್ತದೆ. ಇದೂ ಹಾಗೆಯೇ.

ತಪ್ಪು ಕಲ್ಪನೆ 2: ನಡುವಿನ ಲೋಹವೇ ಸರ್ವಸ್ವ.
ವಾಸ್ತವ: ಗಾಯಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿದರೆ ನೊರೆಯೇಳುವುದು ಕೆಟಲೇಸ್ ಎಂಬ ಕಿಣ್ವದಿಂದ. ಅದರ ನಡುವೆ ಕಬ್ಬಿಣವಿರುವ ಹೀಮ್ ಇದೆ, ಹಿಮೋಗ್ಲೋಬಿನ್‌ನಲ್ಲಿರುವುದೂ ಹೀಮ್. ಒಂದು ಪೆರಾಕ್ಸೈಡನ್ನು ಒಡೆಯುತ್ತದೆ, ಇನ್ನೊಂದು ಆಮ್ಲಜನಕವನ್ನು ಹೊತ್ತು ಸಾಗಿಸುತ್ತದೆ. ವ್ಯತ್ಯಾಸ ಸುತ್ತಲಿನ ಪ್ರೋಟೀನಿನದು. ಹಿಮೋಗ್ಲೋಬಿನ್‌ನಲ್ಲಿ ಕಬ್ಬಿಣಕ್ಕೆ ಅಂಟದೆ ಎದುರು ನಿಂತ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೈಡ್ರೋಜನ್ ಬಂಧದಿಂದ ಆಮ್ಲಜನಕವನ್ನು ಹಿಡಿದಿಡುತ್ತದೆ.

ತಪ್ಪು ಕಲ್ಪನೆ 3: ಈ ನಾಜೂಕು ದೊಡ್ಡ ಕಿಣ್ವಗಳಿಗಷ್ಟೇ ಸಾಧ್ಯ.
ವಾಸ್ತವ: ಪ್ರೋಲಿನ್ ಎಂಬ ಅಮೈನೋ ಆಮ್ಲದಲ್ಲಿರುವುದು 17 ಪರಮಾಣುಗಳು, ಲೋಹವೇ ಇಲ್ಲ. ಅದರ ಆಮ್ಲದ ತುದಿ ಹೈಡ್ರೋಜನ್ ಬಂಧದಿಂದ ಎದುರಿನ ಅಣುವನ್ನು ಸರಿಯಾದ ಭಂಗಿಗೆ ಎಳೆದುಕೊಳ್ಳುತ್ತದೆ. 2000ದಲ್ಲಿ ಇದರ ಸಾಮರ್ಥ್ಯ ತೋರಿಸಿದವರಲ್ಲಿ ಬೆಂಜಮಿನ್ ಲಿಸ್ಟ್ ಒಬ್ಬರು. ಅವರಿಗೂ ಡೇವಿಡ್ ಮ್ಯಾಕ್‌ಮಿಲನ್‌ಗೂ 2021ರ ನೊಬೆಲ್ ಬಂತು. ಲೋಹದ ವೇಗವರ್ಧಕಗಳಲ್ಲೂ ಈ ತಂತ್ರ ನಡೆಯುತ್ತದೆ: 2011ರಲ್ಲಿ ಅಮೆರಿಕದ ತಂಡವೊಂದು ನಿಕ್ಕಲ್ ಸಂಯುಕ್ತದ ಪಕ್ಕದಲ್ಲಿ, ಲೋಹಕ್ಕೆ ತಾಗದಂತೆ, ಪ್ರೋಟಾನ್ ದಾಟಿಸುವ ಅಮೈನ್ ಗುಂಪುಗಳನ್ನಿಟ್ಟಿತು. ಒಂದೊಂದು ಅಣುವೂ ಸೆಕೆಂಡಿಗೆ ಲಕ್ಷಕ್ಕೂ ಮಿಕ್ಕಿ ಹೈಡ್ರೋಜನ್ ಅಣುಗಳನ್ನು ತಯಾರಿಸುವ ವೇಗ ಮುಟ್ಟಿತು.

ತಪ್ಪು ಕಲ್ಪನೆ 4: ಹಿಡಿತ ಬಿಗಿಯಾದಷ್ಟೂ ಒಳ್ಳೆಯದು.
ವಾಸ್ತವ: ತಯಾರಾದ ವಸ್ತುವನ್ನು ಬಿಡದಿದ್ದರೆ ವೇಗವರ್ಧಕ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ದ್ರಾವಕವೂ ಮುಖ್ಯ. ನೀರು, ಆಲ್ಕೋಹಾಲ್ ತಾವೇ ಹೈಡ್ರೋಜನ್ ಬಂಧಕ್ಕೆ ಪೈಪೋಟಿಗಿಳಿಯುತ್ತವೆ. ಹಾಗಾಗಿ ಹೈಡ್ರೋಜನ್ ಬಂಧದಿಂದಲೇ ಕೆಲಸ ಮಾಡುವ ಥಯೋಯೂರಿಯಾ ಬಗೆಯ ವೇಗವರ್ಧಕಗಳಿಗೆ ಟಾಲೂಯಿನ್‌ನಂಥ ದ್ರಾವಕ ಬಳಸುವುದೇ ಹೆಚ್ಚು.

ತಪ್ಪು ಕಲ್ಪನೆ 5: ಇದು ಹೊರದೇಶದ ಲ್ಯಾಬುಗಳ ವಿಷಯ, ನಮಗೆ ಸಂಬಂಧವಿಲ್ಲ.
ವಾಸ್ತವ: ಬಂಟ್ವಾಳ, ಬೆಳ್ತಂಗಡಿಯ ಗುಡ್ಡಗಳಲ್ಲಿ ಗೇರುಹಣ್ಣು ಕಚ್ಚಿದವರ ಬಾಯಿಗೆ ಈ ಸೆಳೆತದ ಪರಿಚಯವಿದೆ. ಹಣ್ಣಿನ ಟ್ಯಾನಿನ್‌ಗಳು ಎಂಜಲಿನಲ್ಲಿರುವ, ಪ್ರೋಲಿನ್ ಹೇರಳವಾಗಿರುವ ಪ್ರೋಟೀನುಗಳಿಗೆ ಹೈಡ್ರೋಜನ್ ಬಂಧ ಮುಂತಾದ ಸಡಿಲ ಸೆಳೆತಗಳಿಂದ ಅಂಟಿಕೊಂಡಾಗ ನಾಲಿಗೆ ಒರಟಾಗಿ ಒಗರು ತಿಳಿಯುತ್ತದೆ. ಇನ್ನು, ಹೈಡ್ರೋಜನ್ ಬಂಧ ಎಂದರೇನು ಎಂದು ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಪಿಎಸಿ 2011ರಲ್ಲಿ ಹೊಸದಾಗಿ ವ್ಯಾಖ್ಯಾನಿಸಿದಾಗ ಆ ತಂಡದ ನೇತೃತ್ವ ವಹಿಸಿದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಇ. ಅರುಣನ್. ಲೋಹದ ಜೊತೆಗಿರುವ ಋಣ ಅಯಾನಿನಿಂದಲೇ ಎಡ-ಬಲ ರೂಪವನ್ನು ನಿಯಂತ್ರಿಸಬಹುದೆಂದು 2007ರಲ್ಲಿ ಲಿಸ್ಟ್ ಜೊತೆ ತೋರಿಸಿದ ಶಾಂತನು ಮುಖರ್ಜಿ ಮುಂದೆ ಅದೇ ಸಂಸ್ಥೆಯ ಪ್ರಾಧ್ಯಾಪಕರಾದರು.

ಪಿಯುಸಿ ವಿದ್ಯಾರ್ಥಿಗಳಿಗೆ, ಪಾಠ ಮಾಡುವ ಉಪನ್ಯಾಸಕರಿಗೆ ಒಂದು ಮಾತು: ಕ್ರಿಯೆಯ ಚಿತ್ರ ಬರೆಯುವಾಗ ಗಟ್ಟಿ ಬಂಧಗಳ ಗೆರೆಯಷ್ಟಕ್ಕೇ ನಿಲ್ಲಿಸಬೇಡಿ. ಹೈಡ್ರೋಜನ್ ಬಂಧದ ಚುಕ್ಕಿಗೆರೆಗಳನ್ನೂ ಎಳೆಯಿರಿ. ಕ್ರಿಯೆ ಇದೇ ದಾರಿಯಲ್ಲಿ ಏಕೆ ಸಾಗಿತು ಎಂಬ ಪ್ರಶ್ನೆಗೆ ಉತ್ತರ ಬಹಳಷ್ಟು ಸಲ ಅಲ್ಲಿರುತ್ತದೆ.